ಬೆಂಗಳೂರಿನ ಮರಗಳಲ್ಲಿ ಕಾಡುಪಾಪ ಹುಡುಕುವ ಬಗೆ

ಟಾರ್ಚನ್ನು ಕೈಯಲ್ಲಿ ಹಿಡಿದು ಹೊರಟರೆ ಕಾಡುಪಾಪ (ಸ್ಲೆಂಡರ್ ಲೋರಿಸ್, ಮರಗಳಲ್ಲಿ ರಾತ್ರಿ ಓಡಾಡುವ ಪುಟ್ಟ ಪ್ರಾಣಿ) ಸಿಗುವುದಿಲ್ಲ, ಹಣೆಗೆ ಕಟ್ಟಿಕೊಳ್ಳಬೇಕು. ರಾತ್ರಿ ನಡೆದು ಇವನ್ನು ಎಣಿಸುವ ನಮ್ಮ ಜೊತೆ ಬರುವ ಹೊಸಬರು ಏನೂ ಕಾಣದೆ ವಾಪಸಾಗುವುದಕ್ಕೆ ಮೊದಲ ಕಾರಣ ಇದೇ. ಈ ಪ್ರಾಣಿಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವೊಂದಿದೆ. ಬಿದ್ದ ಬೆಳಕನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಸೊಂಟದ ಮಟ್ಟದಿಂದ ಬೆಳಕು ಬಿಟ್ಟರೆ ಹೊಳಪೂ ಸೊಂಟಕ್ಕೇ ಬರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ದೀಪ ಹುಬ್ಬಿನ ಮೇಲಿದ್ದರೆ ಇಪ್ಪತ್ತು ಮೀಟರ್ ಆಚೆಯ ಹೊಂಗೆ ಮರದಲ್ಲೂ ಎರಡು ಕೆಂಡದ ಚುಕ್ಕೆ ಕಾಣುತ್ತವೆ.

ಬೆಂಗಳೂರಿನಲ್ಲಿ ಕಾಡುಪಾಪ ಎಲ್ಲಿ ಅಂತ ಕೇಳುವವರು ಈಗಲೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಇರುವುದು ಪತ್ರಿಕೆಗಳಲ್ಲೇ ಬಂದಿದೆ. ಹಳೆಯ ಮರಗಳು ಒಂದಕ್ಕೊಂದು ತಾಗಿಕೊಂಡಿರುವ ಬೇರೆ ಆವರಣಗಳನ್ನೂ ನೋಡಬೇಕು. ಮುನ್ನೂರು ಗ್ರಾಂ ಮೀರುವುದು ಅಪರೂಪ ಎನ್ನುವಷ್ಟು ಹಗುರ ಪ್ರಾಣಿ, ಮೈ ಒಂದು ಗೇಣಿನಷ್ಟು, ಪೆನ್ಸಿಲ್‌ನಂಥ ಕೈಕಾಲು, ಬಾಲವೇ ಇಲ್ಲ. ಹಗಲೆಲ್ಲ ಪೊದೆಯಲ್ಲೋ ಕೊಂಬೆಗಳ ಸಿಕ್ಕಿನಲ್ಲೋ ಉಂಡೆಯಾಗಿ ಮಲಗಿ, ಕತ್ತಲಾದ ಮೇಲೆ ಹುಳ ಹುಪ್ಪಟೆ, ಇರುವೆ, ಮರದ ಅಂಟು ಹುಡುಕಿ ಹೊರಡುತ್ತದೆ.

ಬೆಳಕು ಕೆಂಪಿರಬೇಕು. ಬಿಳಿ ಬೆಳಕು ಬಿದ್ದರೆ ಕಾಡುಪಾಪ ಮುಖ ತಿರುಗಿಸುತ್ತದೆ, ಅಲ್ಲಿಗೆ ಹೊಳಪು ಮಾಯ. ಹೆಡ್‌ಲ್ಯಾಂಪ್‌ಗಳಲ್ಲಿ ಬರುವ ಪುಟ್ಟ ಕೆಂಪು ಬಲ್ಬು ಪುಸ್ತಕ ಓದಲು ಸಾಕು, ಮರದ ತುದಿಗೆ ಮುಟ್ಟುವುದಿಲ್ಲ. ನಾವು 300 ಲ್ಯೂಮೆನ್ಸ್ (ಬೆಳಕಿನ ಪ್ರಮಾಣದ ಅಳತೆ) ಆಸುಪಾಸಿನ ದೀಪಕ್ಕೆ ಹಣ್ಣಿನ ಬುಟ್ಟಿಗೆ ಸುತ್ತುವ ಕೆಂಪು ಜಿಲೆಟಿನ್ ಪೇಪರನ್ನು ಎರಡು ಪದರ ಮಡಚಿ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಇಲ್ಲಿ ಎರಡು ತಪ್ಪುಗಳಾಗುತ್ತವೆ. ನೀಲಿ ಛಾಯೆಯ ಬಿಳಿ ಎಲ್‌ಇಡಿಯಲ್ಲಿ ಕೆಂಪು ಅಂಶವೇ ಕಡಿಮೆ, ಪೇಪರ್ ಹಾಕಿದ ಮೇಲೆ ಉಳಿಯುವುದು ಮಿಣುಕು. ಹಳದಿ ಛಾಯೆಯ ಎಲ್‌ಇಡಿಯೇ ಒಳ್ಳೆಯದು. ಇನ್ನೊಂದು, ಪೇಪರ್ ಅಂಚಿನಲ್ಲಿ ಸಡಿಲಾಗಿ ಬಿಳಿ ಬೆಳಕು ಸೋರುತ್ತದೆ. ಹೊರಡುವ ಮುಂಚೆ ಗೋಡೆಗೆ ಹಿಡಿದು ನೋಡಿದರೆ ಬಿಳಿ ಉಂಗುರ ಕಾಣುತ್ತದೆ, ಅಲ್ಲಿ ಟೇಪ್ ಹಚ್ಚಿ. ಬ್ಯಾಟರಿಯದೂ ಒಂದು ಮೋಸವಿದೆ. ಸಾಮಾನ್ಯ ಸೆಲ್ ಮೆಲ್ಲಗೆ ಮಂಕಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ, 'ಇವತ್ತು ಪ್ರಾಣಿ ಕಡಿಮೆ' ಎಂದು ಬರೆದುಬಿಡುತ್ತೇವೆ. ಆದ್ದರಿಂದ ಪ್ರತಿ ನಡಿಗೆಗೂ ಪೂರ್ತಿ ಚಾರ್ಜ್ ಆದ ಸೆಲ್.

ಸೂರ್ಯ ಮುಳುಗಿ ಅರ್ಧ ಗಂಟೆಗೆ ಶುರು. ಡಿಸೆಂಬರ್‌ನಲ್ಲಿ ಅದು ಆರೂವರೆ, ಜೂನ್‌ನಲ್ಲಿ ಏಳು ಕಾಲು. ಗಡಿಯಾರ ಹಿಡಿದು ವರ್ಷವಿಡೀ ಏಳಕ್ಕೇ ಹೊರಟರೆ ಎರಡು ತಿಂಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಲಾಗದು. ಬೆಳಗಿನ ಜಾವದ ಸುತ್ತು ನಾಲ್ಕರಿಂದ ಐದೂವರೆ. ವಾಕಿಂಗ್‌ನವರು ಬರುವ ಮುಂಚೆ ಮುಗಿಸಬೇಕು. ಒಂದು ಹಾದಿ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರ್. ಒಂದು ಕಿಲೋಮೀಟರಿಗೆ ಒಂದು ಗಂಟೆ, ಅದಕ್ಕಿಂತ ಬೇಗ ಮುಗಿದರೆ ನೋಡಿಲ್ಲ ಎಂದೇ ಅರ್ಥ. ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೂ ತಿರುಗಿ ನೋಡಿ. ಮುಂದಿನಿಂದ ಬರುವಾಗ ನಮಗೆ ಬೆನ್ನು ಕೊಟ್ಟು ಕೂತಿದ್ದ ಪ್ರಾಣಿಯ ಕಣ್ಣು ದಾಟಿದ ಮೇಲೆ ಹೊಳೆಯುತ್ತದೆ. ಕತ್ತು ಮೇಲೆತ್ತಿಕೊಂಡೇ ಇರಬೇಡಿ, ಆಳೆತ್ತರದ ಲಾಂಟಾನಾ ಪೊದೆ, ಬಿದಿರು ಮೆಳೆಗಳಲ್ಲೂ ಇರುತ್ತವೆ. ಕಿವಿಗೂ ಕೆಲಸವಿದೆ: ಕಾಡುಪಾಪ ತೆಳುವಾದ ಸಿಳ್ಳೆಯಂತೆ ಕೂಗುತ್ತದೆ, ಎಷ್ಟೋ ಸಲ ಮೊದಲು ಸಿಗುವುದು ಆ ಸದ್ದೇ. ಗಾಳಿ ಜೋರಾಗಿದ್ದರೆ, ಮಳೆ ಹನಿಯುತ್ತಿದ್ದರೆ ಮನೆಗೆ ಹೋಗುವುದು ವಾಸಿ.

ಎಲ್ಲ ಹೊಳಪೂ ಕಾಡುಪಾಪವಲ್ಲ. ಕಣ್ಣಿನ ಬಣ್ಣ ನೋಡಿ ಗುರುತಿಸಿ ಎಂದು ಹೇಳುವವರಿದ್ದಾರೆ, ಕೆಂಪು ಪೇಪರ್ ಹಾಕಿದ ಮೇಲೆ ಎಲ್ಲವೂ ಕೆಂಪೇ. ನೋಡಬೇಕಾದ್ದು ಎರಡು ಚುಕ್ಕೆಗಳ ನಡುವಿನ ಅಂತರ ಮತ್ತು ಚಲನೆ. ಕಾಡುಪಾಪದ ಕಣ್ಣುಗಳು ದೊಡ್ಡವು, ತೀರಾ ಹತ್ತಿರ, ಎರಡೂ ನೇರ ನಮ್ಮತ್ತಲೇ. ನಿಧಾನವಾಗಿ ಆರಿ, ನಿಧಾನವಾಗಿ ಹೊತ್ತಿಕೊಳ್ಳುತ್ತವೆ. ಪುನುಗಿನ ಬೆಕ್ಕಿನ ಕಣ್ಣುಗಳ ನಡುವೆ ಅಂತರ ಹೆಚ್ಚು, ಕೊಂಬೆಯ ಉದ್ದಕ್ಕೂ ಸರಸರ ಓಡುತ್ತವೆ. ಬಾವಲಿಯದು ತಲೆಕೆಳಗಾಗಿ ತೂಗುತ್ತದೆ, ಗೂಬೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಜೇಡದ್ದು ಸೂಜಿಮೊನೆಯಷ್ಟು ಚುಕ್ಕೆ. ಅನುಮಾನ ಬಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ: ಇಬ್ಬನಿ ಹನಿಯಾದರೆ ಆರಿಹೋಗುತ್ತದೆ, ಕಣ್ಣಾದರೆ ಬಹುಪಾಲು ನಮ್ಮ ಕಡೆಗೇ ತಿರುಗುತ್ತದೆ. ನಗರದ ಮರಗಳಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಮೊಳೆ. ಪಿಜಿ ಬೋರ್ಡು, ಟ್ಯೂಷನ್ ಬೋರ್ಡು ಹೊಡೆದು ಬಿಟ್ಟ ಜೋಡಿ ಮೊಳೆಗಳು ಸರಿಯಾಗಿ ಕಣ್ಣಿನ ಅಂತರದಲ್ಲೇ ಇರುತ್ತವೆ. ಖಚಿತಪಡಿಸಿಕೊಳ್ಳಲು ಎಂಟು ಪಟ್ಟು ಹತ್ತಿರ ತೋರಿಸುವ 8x42 ಬೈನಾಕ್ಯುಲರ್ ಸಾಕು. ಬಾಲ ಕಂಡರೆ ಅದು ಇಲಿಯೋ ಮತ್ತೊಂದೋ. ಒಂದು ಪ್ರಾಣಿಯ ಮೇಲೆ ನಿಮಿಷಕ್ಕಿಂತ ಹೆಚ್ಚು ಬೆಳಕು ನಿಲ್ಲಿಸುವುದಿಲ್ಲ. ಫ್ಲಾಶ್ ಹಾಕಿ ಫೋಟೊ ತೆಗೆಯುವುದು ಬೇಡವೇ ಬೇಡ.

ಇಬ್ಬರು ಹೋಗಬೇಕು. ಒಬ್ಬರ ಕಣ್ಣು ಮೇಲೆ, ಇನ್ನೊಬ್ಬರ ಮಂದ ಬಿಳಿ ಟಾರ್ಚು ನೆಲಕ್ಕೆ. ಕೊಳಕುಮಂಡಲ, ಕಟ್ಟುಹಾವು ಇದೇ ಹೊತ್ತಿನಲ್ಲಿ ಹೊರಗಿರುತ್ತವೆ. ಉದ್ದ ಪ್ಯಾಂಟು, ಕಣಕಾಲು ಮುಚ್ಚುವ ಶೂ. ನೆಲದ ಟಾರ್ಚು ಹಿಡಿದವರೇ ಬೀದಿನಾಯಿಗಳನ್ನೂ ಗಮನಿಸುತ್ತಾರೆ. ಹಾವಿಗಿಂತ ಹೆಚ್ಚು ತೊಂದರೆ ಮನುಷ್ಯರದು: ಹಣೆಗೆ ಕೆಂಪು ದೀಪ ಕಟ್ಟಿಕೊಂಡು ಕಾಂಪೌಂಡಿನೊಳಕ್ಕೆ ಇಣುಕುವವರನ್ನು ಕಳ್ಳರೆನ್ನದೆ ಇನ್ನೇನೆನ್ನುತ್ತಾರೆ? ಆವರಣದ ಒಳಗಾದರೆ ಲಿಖಿತ ಅನುಮತಿ, ಬೀದಿಯಾದರೆ ಪೊಲೀಸ್ ಠಾಣೆಗೆ ಮೊದಲೇ ಮಾಹಿತಿ. ಕಾವಲುಗಾರರಿಗೆ ಹಗಲಲ್ಲೇ ಹೋಗಿ ಪ್ರಾಣಿಯ ಚಿತ್ರ ತೋರಿಸಿ ಬರುವುದು ಅದಕ್ಕಿಂತ ಉಪಯೋಗ. 'ಅಯ್ಯೋ ಇದಾ, ಆ ನೀರಿನ ಟ್ಯಾಂಕ್ ಹತ್ರ ಇರತ್ತಲ್ಲ ಸಾರ್' ಎಂದು ಹೇಳುವವರು ಅವರೇ.

ಹಾಳೆಯಲ್ಲಿ ಬರೆಯುವುದು: ಹೊತ್ತು, ಜಿಪಿಎಸ್, ಮರದ ಜಾತಿ, ನೆಲದಿಂದ ಎತ್ತರ, ಏನು ಮಾಡುತ್ತಿತ್ತು, ಹತ್ತಿರದ ಬೀದಿದೀಪ ಎಷ್ಟು ದೂರ. ಏನೂ ಕಾಣದ ರಾತ್ರಿಯೂ ಒಂದು ಸಾಲೇ. ಸೊನ್ನೆ ಬರೆಯದೆ ಬಿಟ್ಟರೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ. ಒಂದೇ ಹಾದಿಯನ್ನು ನಾಲ್ಕು ರಾತ್ರಿಯಾದರೂ ನಡೆಯದೆ 'ಇಲ್ಲಿ ಇಲ್ಲ' ಎಂದು ನಾವು ಬರೆಯುವುದಿಲ್ಲ.

ಆದರೆ ನಮಗೆ ಎಣಿಕೆಗಿಂತ ಮುಖ್ಯವಾದ ಅಂಕಣ ಇನ್ನೊಂದು, ಕೊಂಬೆಯಿಂದ ಕೊಂಬೆಗೆ ಇರುವ ಅಂತರ. ಕಾಡುಪಾಪ ಜಿಗಿಯುವುದಿಲ್ಲ. ಹಿಂಗಾಲಿನಲ್ಲಿ ಈ ಕೊಂಬೆಯನ್ನು ಬಿಗಿಯಾಗಿ ಹಿಡಿದು, ಮೈಯನ್ನು ಗಾಳಿಯಲ್ಲಿ ಹಲಗೆಯಂತೆ ಚಾಚಿ, ಮುಂಗೈಗೆ ಆ ಕೊಂಬೆ ಸಿಕ್ಕ ಮೇಲೇ ಹಿಂಗಾಲು ಬಿಡುತ್ತದೆ. ಸಿಗದಿದ್ದರೆ ವಾಪಸು. ಅಂದರೆ ಎರಡು ಮರಗಳ ನಡುವೆ ಒಂದು ಮೀಟರ್ ಖಾಲಿ ಬಿದ್ದರೂ ಅದಕ್ಕೆ ರಸ್ತೆ ಮುಚ್ಚಿದಂತೆ. ಉಳಿಯುವುದು ತಂತಿ ಹಿಡಿಯುವ ದಾರಿ, ಇಲ್ಲವೇ ನೆಲಕ್ಕಿಳಿದು ನಾಯಿಗಳ ನಡುವೆ ದಾಟುವ ದಾರಿ. ರಾತ್ರಿ ಪ್ರಾಣಿ ಹಿಂದಿರುಗಿದ ಕೊಂಬೆಯ ಕೆಳಗೆ ಸುಣ್ಣದಲ್ಲಿ ಗುರುತು ಹಾಕಿ, ಬೆಳಗ್ಗೆ ಹೋಗಿ ಎರಡೂ ಕೊಂಬೆಗಳ ತುದಿಯ ನೇರ ಕೆಳಗೆ ನಿಂತು ಟೇಪ್ ಹಿಡಿದು ಅಳೆಯುತ್ತೇವೆ. ಆ ನಕ್ಷೆ ಕೈಯಲ್ಲಿದ್ದರೆ ಕೊಂಬೆ ಸವರುವವರ ಜೊತೆ ಮಾತು ಸುಲಭ. 'ಮರ ಕಡಿಯಬೇಡಿ' ಅಂದರೆ ಕೇಳುವುದಿಲ್ಲ, 'ಈ ಸಾಲಿನಲ್ಲಿ ಈ ಒಂದು ಕೊಂಬೆ ಬಿಡಿ, ತಂತಿ ಆ ಕಡೆ ಇದೆ' ಅಂದರೆ ಬಿಡುತ್ತಾರೆ.

ಜಿಪಿಎಸ್ ಅಂಕಿಗಳನ್ನು ಎಲ್ಲೂ ಹಂಚಿಕೊಳ್ಳುವುದಿಲ್ಲ, ಫೋಟೊದಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನೂ ಅಳಿಸುತ್ತೇವೆ. ಮಾಟ ಮಂತ್ರಕ್ಕೆ, ಸಾಕಲಿಕ್ಕೆ ಇವನ್ನು ಹಿಡಿಯುವವರು ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ ಇದು, ಮುಟ್ಟುವ ಹಕ್ಕು ನಮಗೂ ಇಲ್ಲ.

ಗಾಯವಿಲ್ಲದ ಪ್ರಾಣಿ ರಸ್ತೆ ದಾಟುತ್ತಿದ್ದರೆ ವಾಹನ, ನಾಯಿ ತಡೆದು ನಿಂತರೆ ಸಾಕು, ತಾನೇ ಮರ ಹತ್ತಿಕೊಳ್ಳುತ್ತದೆ. ಗಾಯವಾಗಿದ್ದರೆ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಹೇಳಿದರೆ ದಪ್ಪ ಟವೆಲ್ ಹೊದಿಸಿ, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಗೆ ಹಾಕಿ, ಒಳಗೆ ಹಿಡಿದುಕೊಳ್ಳಲು ಒಂದು ಕಡ್ಡಿ ಇಡಿ. ಹಾಲು, ಬಾಳೆಹಣ್ಣು ಏನೂ ಬೇಡ. ಕತ್ತಲು, ನಿಶ್ಶಬ್ದ ಸಾಕು. ಸಿಕ್ಕಿದ್ದು ಯಾವ ಮರದ ಬುಡದಲ್ಲಿ ಎಂಬುದನ್ನು ಡಬ್ಬಿಯ ಮೇಲೆ ಬರೆಯಿರಿ. ವಾಸಿಯಾದ ಮೇಲೆ ಬಿಡಬೇಕಾದ್ದು ಅಲ್ಲಿಗೇ.