ನಲ್ಲಿ ನೀರಿನ ದಾರಿ ಹಿಡಿದು ಇಟಾಲಿಯನ್ ಕಲಿತೆ

ಭಾಷೆ ಕಲಿಸುವ ಆ್ಯಪ್‌ಗಳು ಸೇಬು, ಬೆಕ್ಕು, ರೈಲು ಅಂತ ಶುರು ಮಾಡುತ್ತವೆ. ಇಟಲಿಯ ಟೊರಿನೊ ನಗರದಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಬೆಕ್ಕು ಯಾಕೆ? ಮೊದಲು ಬೇಕಾಗುವುದು ನಲ್ಲಿ, ಬಿಸಿನೀರು, ಸೋರಿಕೆ. ಹಾಗಾಗಿ ಮನೆಯೊಳಗೆ ನೀರು ಬರುವ, ಹೋಗುವ ದಾರಿಯನ್ನೇ ಹಿಡಿದು ನಾನು ಪದ ಕಲಿತೆ.

ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಇಟಾಲಿಯನ್‌ನಲ್ಲಿ ಒತ್ತಿ ಹೇಳುವ ಅಕ್ಷರ ಜಾಸ್ತಿ, ನಮಗೆ ಒತ್ತಕ್ಷರ ಇದ್ದೇ ಇದೆ. ನೀರು ಆಕ್ಕ್ವಾ, ನಲ್ಲಿ ರುಬಿನೆತ್ತೊ, ಶವರ್ ದೊಚ್ಚಾ. ಇಂಗ್ಲಿಷ್ ಅಕ್ಷರ ನೋಡಿ ಓದುವವರು ಆ ಒತ್ತನ್ನು ನುಂಗಿಬಿಡುತ್ತಾರೆ. ಅಡುಗೆಮನೆ ಸಿಂಕ್ ಲವೆಲ್ಲೊ, ಕೈ ತೊಳೆಯುವುದು ಲವಂದೀನೊ. ಆಡುವಾಗ ಎರಡಕ್ಕೂ ಲವಂದೀನೊ ಅನ್ನುವವರೂ ಇದ್ದಾರೆ.

ನಲ್ಲಿಯ ಮೇಲೆ 'ಸಿ' ಅಕ್ಷರ ಇದ್ದರೆ ಹುಷಾರು. ಅದು ಕಾಲ್ದಾ, ಅಂದರೆ ಬಿಸಿ. ತಣ್ಣೀರು ಫ್ರೆದ್ದಾ, ಅದಕ್ಕೆ 'ಎಫ್'.

ಆದರೆ ಬರೀ ಹೆಸರು ಗೊತ್ತಿದ್ದರೆ ಕೆಲಸ ನಡೆಯಲ್ಲ. ನನ್ನನ್ನು ಉಳಿಸಿದ್ದು ಕ್ರಿಯಾಪದಗಳು. ನಲ್ಲಿ ಸೋರಿದರೆ 'ಇಲ್ ರುಬಿನೆತ್ತೊ ಪೆರ್ದೆ' ಅನ್ನಬೇಕು. ತೊಟ್ಟಿಕ್ಕಿದರೆ 'ಗೊಚ್ಚೊಲಾ'. ನೀರು ಹೋಗುವ ಪೈಪು ಕಟ್ಟಿಕೊಂಡರೆ 'ಲೊ ಸ್ಕಾರಿಕೊ ಎ ಇಂತಸಾತೊ'. ಪ್ಲಂಬರ್, ಅಂದರೆ ಇದ್ರಾವುಲಿಕೊ, ಫೋನ್ ಎತ್ತಿದಾಗ ಇಂಥ ಒಂದು ವಾಕ್ಯ, ಜೊತೆಗೆ 'ಪ್ವೊ ವೆನೀರೆ ಓಜ್ಜಿ?' ಸಾಕು. ಇವತ್ತು ಬರೋಕಾಗುತ್ತಾ ಅಂತ, ನೀವು ಹಾಕಿ ಕೇಳುವ ರೀತಿ ಅದು. ಬರುತ್ತಾರೋ ಇಲ್ವೋ, ಅದು ಬೇರೆ ಮಾತು.

ಸಣ್ಣ ರಿಪೇರಿಯನ್ನು ನಾನೇ ಮಾಡಿದೆ. ಹಳೇ ವಾಷರ್ ಕೈಯಲ್ಲಿ ಹಿಡಿದು ಫೆರ್ರಮೆಂತಾಗೆ, ಅಂದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ, 'ಊನಾ ಗ್ವಾರ್ನಿತ್ಸ್ಯೋನೆ ಕೋಮೆ ಕ್ವೆಸ್ತಾ' ಅಂದೆ. ಇಂಥದ್ದೇ ಒಂದು ಕೊಡಿ ಅಂತ. ಅಂಗಡಿಯವರು 'ಮೆದ್ಜೊ ಪೊಲ್ಲಿಚೆ?' ಅಂತ ಕೇಳಿದರು. ಅರ್ಧ ಇಂಚು! ಮಿಕ್ಕಿದ್ದೆಲ್ಲ ಮೀಟರ್‌ನಲ್ಲಿ ಅಳೆಯುವ ದೇಶ, ಪೈಪು ಮಾತ್ರ ನಮ್ಮೂರಿನ ಹಾಗೆ ಇಂಚಿನಲ್ಲೇ. ಈ ಅಂಗಡಿಗಳು ಪದ ಕಲಿಯೋಕೆ ತರಗತಿಗಿಂತ ಚೆನ್ನ ಅಂತ ನನಗನಿಸುತ್ತದೆ. ವಸ್ತು ಕಣ್ಣೆದುರೇ ಇರುತ್ತದೆ, ಹೆಸರು ತಾನಾಗಿಯೇ ಕೂತುಬಿಡುತ್ತದೆ.

ನಲ್ಲಿ ಬಾಯಿಗೆ ಕಟ್ಟುವ ಬಿಳಿ ಪದರ ಕಾಲ್ಕಾರೆ. ಗಡಸು ನೀರಿನ ಕಾಟ. ತುದಿಯ ಜಾಲರಿ ಬಿಚ್ಚಿ ರಾತ್ರಿ ವಿನೆಗರ್‌ನಲ್ಲಿ ನೆನೆಸಿಟ್ಟರೆ ಬಿಡುತ್ತದೆ. ವಿನೆಗರ್‌ಗೆ ಅಚೇತೊ.

ಕುಡಿಯೋಕೆ ನಲ್ಲಿ ನೀರನ್ನು ಇಲ್ಲಿ ತಮಾಷೆಗೆ 'ಆಕ್ಕ್ವಾ ದೆಲ್ ಸಿಂದಕೊ' ಅಂತಾರೆ, ಮೇಯರ್ ಸಾಹೇಬರ ನೀರು. ಟೊರಿನೊ ಬೀದಿಗಳಲ್ಲಿ ಗೂಳಿ ತಲೆಯ ಹಸಿರು ನಲ್ಲಿಗಳಿವೆ, ಟೊರೆತ್ ಅಂತ. ಗೂಳಿ ಬಾಯಿಂದ ಬರುವ ನೀರನ್ನೇ ಬಾಟಲಿಗೆ ತುಂಬಿಸಿಕೊಳ್ಳಬಹುದು. ಬೇರೆ ಎಲ್ಲಾದರೂ 'ನೋನ್ ಪೊತಾಬಿಲೆ' ಅಂತ ಬರೆದಿದ್ದರೆ ಮಾತ್ರ ಬಾಯಿಗೆ ಹಾಕಬೇಡಿ, ಅದು ಕುಡಿಯುವ ನೀರಲ್ಲ.

ಕೊನೆಗೆ ಮೆಟ್ಟಿಲ ಬಾಗಿಲಿಗೆ ಅಂಟಿಸುವ ಚೀಟಿಗಳು. 'ಸೊಸ್ಪೆನ್ಸ್ಯೋನೆ' ಮತ್ತು 'ಆಕ್ಕ್ವಾ' ಒಟ್ಟಿಗೆ ಕಂಡರೆ ನೀರು ನಿಲ್ಲುತ್ತದೆ ಅಂತಲೇ. 'ದಾಲ್ಲೆ' ಮುಂದೆ ಇರುವುದು ನಿಲ್ಲುವ ಹೊತ್ತು, 'ಆಲ್ಲೆ' ಮುಂದೆ ಇರುವುದು ಮತ್ತೆ ಬರುವ ಹೊತ್ತು. ಅಷ್ಟು ಓದಿ ಬಕೆಟ್ ತುಂಬಿಸಿಡಿ.