ಪ್ರಬಂಧದಿಂದ ಪುಸ್ತಕಕ್ಕೆ: ಶಾಸನ ಗ್ರಂಥವೊಂದನ್ನು ಪ್ರಸಾರಾಂಗಕ್ಕೆ ಸಿದ್ಧಪಡಿಸಿದ ನನ್ನ ಅನುಭವ

ಪಿಎಚ್.ಡಿ. ಪ್ರಬಂಧವನ್ನು ಇದ್ದ ಹಾಗೇ ವಿಶ್ವವಿದ್ಯಾಲಯದ ಪ್ರಸಾರಾಂಗಕ್ಕೆ ಕೊಟ್ಟರೆ ಪುಸ್ತಕವಾಗುವುದಿಲ್ಲ. ಹಾಸನ, ಚಿಕ್ಕಮಗಳೂರು ಸೀಮೆಯ ಹೊಯ್ಸಳ ಶಾಸನಗಳ ಮೇಲಿನ ನನ್ನ ಪ್ರಬಂಧದಿಂದ ಸಂಶೋಧನಾ ವಿಧಾನದ ಅಧ್ಯಾಯವನ್ನು ಪೂರ್ತಿ ತೆಗೆದೆ. ಪೂರ್ವಾಧ್ಯಯನಗಳ ಸಮೀಕ್ಷೆಯಲ್ಲಿ ವಾದಕ್ಕೆ ಬೇಕಾದಷ್ಟನ್ನು ಮಾತ್ರ ಅಡಿಟಿಪ್ಪಣಿಗೆ ಇಳಿಸಿದೆ. ಇದೆಲ್ಲ ಸುಲಭ. ಸಮಯ ತಿನ್ನುವುದು ಶಾಸನಪಾಠ, ಉಲ್ಲೇಖ ಮತ್ತು ಪದಸೂಚಿ.

ಉಲ್ಲೇಖದಲ್ಲಿ ನಮ್ಮ ಕಡೆಯ ತೊಡಕೇ ಬೇರೆ. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) ಬಿ.ಎಲ್. ರೈಸ್ ಸಂಪಾದಿಸಿದ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆಯದು 5ನೇ ಸಂಪುಟ (1902). ಚಿಕ್ಕಮಗಳೂರಿನ ಶಾಸನಗಳಿಗೆ ‘ಕಡೂರು ಜಿಲ್ಲೆ’ ಎಂಬ ಹೆಸರಿನ 6ನೇ ಸಂಪುಟ (1901) ತೆರೆಯಬೇಕು. ಸಕಲೇಶಪುರದ್ದು ಹಾಸನದ ಸಂಪುಟದಲ್ಲಿ ಮಂಜರಾಬಾದ್ ತಾಲ್ಲೂಕಿನ ಹೆಸರಿನಲ್ಲಿದೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು 9ನೇ ಸಂಪುಟಕ್ಕೆ ಬಂದಿದೆ, ಶಾಸನಗಳ ಸಂಖ್ಯೆಯೂ ಬದಲಾಗಿದೆ. ಬರೀ ‘ಎ.ಕ., ಬೇಲೂರು’ ಎಂದು ಸಂಖ್ಯೆ ಹಾಕಿದರೆ ಓದುಗ ಯಾವ ಕಲ್ಲನ್ನು ಹುಡುಕಬೇಕು? ನಾನು ಎರಡೂ ಆವೃತ್ತಿಯ ಸಂಪುಟ, ಸಂಖ್ಯೆ ಕೊಟ್ಟು, ಊರಿನ ಜೊತೆ ಈಗಿನ ತಾಲ್ಲೂಕನ್ನೂ ಸೇರಿಸಿದೆ.

ಕಾಲಸೂಚನೆಗೆ ಒಂದು ತಾಳೆಪಟ್ಟಿ ಮಾಡಿಕೊಂಡೆ. ಕ್ರಿಸ್ತಶಕ ಸಿಗಲು ಗತ (ಮುಗಿದ) ಶಕ ವರ್ಷಕ್ಕೆ 78 ಕೂಡಿಸಬೇಕು. ಜನವರಿ ದಾಟಿದ ಪುಷ್ಯದ ತಿಥಿಗಳಿಗೆ, ಮಾಘ, ಫಾಲ್ಗುಣಗಳಿಗೆ 79. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಶಕ 1039ರ ಹೇವಿಳಂಬಿ ಚೈತ್ರದ್ದು, ಅಂದರೆ 1117. ಸಂವತ್ಸರ ಚಕ್ರ 60 ವರ್ಷದ್ದಾದ್ದರಿಂದ ಈಚಿನ ಹೇವಿಳಂಬಿಯಿಂದ (2017) ಹಿಂದಕ್ಕೆ ಎಣಿಸಿ ನೋಡಬಹುದು: ಅಂತರ 900, ಅರವತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಒಂದು ವರ್ಷ ಆಚೀಚೆ ಬಂದರೆ ಗತ ವರ್ಷವೋ ವರ್ತಮಾನ (ನಡೆಯುತ್ತಿರುವ) ವರ್ಷವೋ ನೋಡಬೇಕು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಂಕಿಯನ್ನು ಪಡಿಯಚ್ಚಿನಲ್ಲಿ (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚಿನಲ್ಲಿ) ಮತ್ತೆ ಓದಲೇಬೇಕು.

ಇನ್ನು ಅಕ್ಷರ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿದ್ದ ವಿವರಣೆಯ ಭಾಗವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದೆ, ಶಾಸನಪಾಠವನ್ನು ಮಾತ್ರ ನೇರವಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿದೆ. ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪಬಹುದು, ಹಳಗನ್ನಡದ ಱ ಮತ್ತು ೞ ಬರೀ ರ, ಳ ಆಗಿಬಿಡಬಹುದು. ವೀರಗಲ್ಲಿನ ಪಾಠದಲ್ಲಿ ‘ಬಾಳ್’ ಕತ್ತಿ, ‘ಬಾೞ್’ ಬದುಕು. ಅಕ್ಷರ ಬದಲಾದರೆ ವಾಕ್ಯವೇ ಬೇರೆ. ವರ್ಡ್‌ನಲ್ಲಿ ಈ ಎರಡು ಅಕ್ಷರಗಳನ್ನು ಹುಡುಕಿ ಕೆಂಪು ಬಣ್ಣ ಕೊಟ್ಟು ಒಂದು ಪ್ರತಿ ತೆಗೆದು, ಕರಡು ನೋಡುವಾಗ ಅದನ್ನು ಪಕ್ಕದಲ್ಲೇ ಇಟ್ಟುಕೊಂಡೆ. ಕರಡಿನ ಪಿಡಿಎಫ್‌ನಲ್ಲಿ ಕನ್ನಡದ ಹುಡುಕಾಟವನ್ನು ನಂಬಬೇಡಿ, ಕಣ್ಣಿನಿಂದಲೇ ನೋಡಿ.

ಪುಟವಿನ್ಯಾಸ ಮಾಡುವವರು ಯಾವ ತಂತ್ರಾಂಶ ಬಳಸುತ್ತಾರೆ ಎಂದು ಮೊದಲೇ ಕೇಳಿ. ಪೇಜ್‌ಮೇಕರ್ ಯೂನಿಕೋಡ್ ಓದುವುದಿಲ್ಲ. ನಿಮ್ಮ ಪಾಠ ಮತ್ತೆ ಹಳೆಯ ಫಾಂಟಿಗೆ ಹೋಗಿ ಅದೇ ತಪ್ಪುಗಳು ಮರುಕಳಿಸುತ್ತವೆ. ಇನ್‌ಡಿಸೈನ್ ಆದರೆ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿರಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಶಾಸನದ ಸಾಲುಸಂಖ್ಯೆ ಪಾಠದ ಒಳಗೇ ಬರಲಿ. ಅಳಿದ ಅಕ್ಷರಕ್ಕೆ ಚುಕ್ಕಿ, ಊಹಿಸಿ ತುಂಬಿದ್ದಕ್ಕೆ ಚೌಕ ಆವರಣ. ಈ ಸಂಕೇತಗಳನ್ನು ಮುನ್ನುಡಿಯಲ್ಲಿ ಹೇಳಿ, ಕೊನೆಯವರೆಗೂ ಬದಲಿಸಬೇಡಿ.

ಮೊದಲ ಕರಡನ್ನು ಇಬ್ಬರು ಕೂತು ನೋಡಬೇಕು, ಒಬ್ಬರು ಪಡಿಯಚ್ಚಿನಿಂದ ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಸಾಗಬೇಕು. ಎರಡನೆಯದರಲ್ಲಿ ತಿದ್ದಿದ ಜಾಗದ ಜೊತೆ ಅದರ ಮೇಲಿನ, ಕೆಳಗಿನ ಸಾಲುಗಳನ್ನೂ ನೋಡಿದೆ. ಒಂದು ತಿದ್ದುಪಡಿ ಪಕ್ಕದ ಸಾಲನ್ನು ಕದಲಿಸುವುದು ಮಾಮೂಲು.

ಪದಸೂಚಿಗೆ ಪುಟಗಳು ಗಟ್ಟಿಯಾಗುವ ತನಕ ಕೈಹಾಕಬಾರದು. ಸ್ಥಳನಾಮ, ವ್ಯಕ್ತಿನಾಮ, ತೆರಿಗೆ ಮತ್ತು ಅಳತೆ ಎಂದು ಮೂರು ಪಟ್ಟಿ ಮಾಡಿದೆ. ಸೊಸೆವೂರು ನೋಡುವವರನ್ನು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ, ದೋರಸಮುದ್ರ ನೋಡುವವರನ್ನು ಹಳೇಬೀಡಿಗೆ, ಬಿಟ್ಟಿದೇವನನ್ನು ವಿಷ್ಣುವರ್ಧನನಿಗೆ ಕಳಿಸುವ ‘ನೋಡಿ’ ಸೂಚನೆಗಳಿಗೆ ಪುಟಸಂಖ್ಯೆಗಳಷ್ಟೇ ಬೆಲೆಯಿದೆ. ಅಕಾರಾದಿಯನ್ನು ಕಂಪ್ಯೂಟರಿಗೆ ಪೂರ್ತಿ ಬಿಡಬೇಡಿ: ಯೂನಿಕೋಡ್ ಪಟ್ಟಿಯಲ್ಲಿ ಱ ಅಕ್ಷರ ರಕಾರದ ಪಕ್ಕದಲ್ಲೇ ಇದ್ದರೂ ೞ ಇರುವುದು ಹಕಾರಕ್ಕೂ ಆಚೆ. ಸಂಕೇತದ ಕ್ರಮದಲ್ಲೇ ಜೋಡಿಸಿದರೆ ಆ ಪದಗಳೆಲ್ಲ ತಪ್ಪು ಜಾಗದಲ್ಲಿ ಕೂರುತ್ತವೆ. ನಾನು ಅವನ್ನು ಕೈಯಾರೆ ಳಕಾರದ ಜೊತೆಗೆ ತಂದೆ.

ಡೆಮಿ 1/8 ಆಕಾರದಲ್ಲಿ ಒಂದು ಫಾರಂಗೆ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆಗೆ) 16 ಪುಟ. ಪದಸೂಚಿಯಿಂದ ಎರಡು ಮೂರು ಪುಟ ಮೀರಿ ಹೊಸ ಫಾರಂ ಹಿಡಿಯುವಂತಾದರೆ ನಮೂದುಗಳನ್ನು ಕತ್ತರಿಸಬೇಡಿ; ಎರಡು ಅಂಕಣ ಮಾಡಿಸಿ, ಅಕ್ಷರವನ್ನು ಒಂದು ಪಾಯಿಂಟ್ ಇಳಿಸಲು ಹೇಳಿ.