ಜಾಗ ಹೋಗಲ್ಲ ಅಂತ ಬರ್ದು ಕೊಟ್ಟೆ: ಕೋವಿಡ್ ಕಾಲದ ನಮ್ಮ ಕಾಲೇಜ್ ಕಬಡ್ಡಿ

ನಾನು ಕಾರವಾರದ ಒಂದು ಡಿಗ್ರಿ ಕಾಲೇಜಲ್ಲಿ ಫಿಸಿಕಲ್ ಡೈರೆಕ್ಟರ್, ಕಬಡ್ಡಿ ಹುಡುಗರ ಟೀಮೂ ಹುಡುಗಿಯರ ಟೀಮೂ ಎರಡೂ ನಂದೇ. ಈಗ ಎಲ್ರಿಗೂ ಆ ದಿನಗಳು ಮರ್ತುಹೋದ ಹಾಗೆ ಆಗಿದೆ, ಆದ್ರೆ ಮಳೆಗಾಲದಲ್ಲಿ ಹಾಸ್ಟೆಲಲ್ಲಿ ನಾಲ್ಕು ಜನಕ್ಕೆ ಒಟ್ಟಿಗೆ ಜ್ವರ ಅಂತ ಕೇಳಿದ್ರೆ ನಂಗೆ 2021ರ ಫೆಬ್ರವರಿನೇ ಕಣ್ಣಿಗೆ ಕಟ್ತದೆ. ಆಗ ನಾನೇನು ಮಾಡ್ದೆ, ಎಲ್ಲಿ ತಪ್ಪಿದೆ, ಆಮೇಲೆ ಹೇಗೆ ಸರಿಮಾಡ್ಕೊಂಡೆ ಅಂತ ಒಂದ್ಸಲ ಬರ್ದಿಡ್ತೀನಿ, ಮಕ್ಕಳನ್ನ ಆಡಿಸೋರಿಗೆ ಉಪಯೋಗಕ್ಕೆ ಬಂದೀತು.

2020ರ ಮಾರ್ಚಲ್ಲಿ ಮುಚ್ಚಿದ ಕಾಲೇಜು ನವೆಂಬರ್ 17ಕ್ಕೆ ತೆಗೀತು, ಆಗ ಕ್ಲಾಸಿಗೆ ಬರೋ ಮಕ್ಕಳು ಆರ್‌ಟಿಪಿಸಿಆರ್ ನೆಗೆಟಿವ್ ರಿಪೋರ್ಟು, ಮನೆಯವರ ಒಪ್ಪಿಗೆ ಪತ್ರ ಎರಡೂ ತರ್ಬೇಕಿತ್ತು. 2021ರ ಜನವರಿ 15ರಿಂದ ಎಲ್ಲಾ ವರ್ಷದವರಿಗೂ ಕ್ಲಾಸು. ಹತ್ತು ತಿಂಗಳು ಮೈದಾನ ಕಾಣದ ಮಕ್ಕಳು, ಒಬ್ಬ ಅಪ್ಪನ ಜೊತೆ ಮೀನಿಗೆ ಹೋಗ್ತಿದ್ದ, ಇನ್ನೊಬ್ಬ ಗಾರೆ ಕೆಲ್ಸಕ್ಕೆ, ಎಲ್ರೂ ಬಂದು "ಸರ್, ಪ್ರಾಕ್ಟೀಸ್ ಯಾವಾಗ?" ಅಂತ ನನ್ನ ರೂಮಿನ ಬಾಗಿಲಲ್ಲಿ ನಿಂತ್ರು. ಅವರಿಗೆ ಇದು ಬರೀ ಆಟ ಅಲ್ಲ ಅನ್ನೋದು ಹೊರಗಿನವರಿಗೆ ಬೇಗ ಅರ್ಥ ಆಗಲ್ಲ. ಇಂಟರ್‌ಕಾಲೇಜಲ್ಲಿ ಚೆನ್ನಾಗಿ ಆಡಿ ಧಾರವಾಡದ ಕರ್ನಾಟಕ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆದ್ರೆ ಯೂನಿವರ್ಸಿಟಿ ಬ್ಲೂ ಅಂತಾರೆ, ಆ ಸರ್ಟಿಫಿಕೇಟ್ ಇಟ್ಕೊಂಡು ಪೊಲೀಸು, ರೈಲ್ವೆ ಅಂತ ಸ್ಪೋರ್ಟ್ಸ್ ಕೋಟಾದಲ್ಲಿ ಅರ್ಜಿ ಹಾಕೋ ಕನಸು ಮಾಜಾಳಿ, ಚೆಂಡಿಯಾ, ಅಮದಳ್ಳಿ ಕಡೆಯ ಹುಡುಗರಿಗೆ ಇದ್ದೇ ಇರ್ತದೆ. ಆ ಕನಸೇ ಆಮೇಲೆ ನಮಗೆ ಮುಳುವಾಯ್ತು.

ಕಬಡ್ಡಿಲಿ ಅಂತರ ಕಾಯ್ದುಕೊಳ್ಳಿ ಅನ್ನೋ ಮಾತಿಗೆ ಜಾಗನೇ ಇಲ್ಲ. ಹುಡುಗರಿಗೆ 13 ಮೀಟರ್ ಉದ್ದ 10 ಮೀಟರ್ ಅಗಲದ ಕೋರ್ಟು, ಅದರ ಅರ್ಧದಲ್ಲಿ ಏಳು ಜನ ಕೈಗೆ ಕೈ ಹಿಡಿದು ಚೈನ್ ಹಾಕ್ತಾರೆ, ಎದುರಿನ ಟೀಮಿಂದ ಒಳಗೆ ನುಗ್ಗೋ ಒಬ್ಬ ರೈಡರ್ 30 ಸೆಕೆಂಡ್ ತನಕ ಕಬಡ್ಡಿ ಕಬಡ್ಡಿ ಅಂತ ಎದುರಿನವರ ಮುಖದ ಹತ್ರನೇ ಉಸಿರು ಬಿಡ್ತಾ ಹೇಳ್ತಿರ್ಬೇಕು. ಜೋರಾಗಿ ಕೂಗಿದಷ್ಟೂ ಬಾಯಿಂದ ಹನಿ ಜಾಸ್ತಿ ಹಾರ್ತದೆ, ಹಿಡಿದು ಬಿದ್ಮೇಲೆ ಮೂರ್ನಾಲ್ಕು ಜನ ಒಬ್ಬರ ಮೇಲೊಬ್ಬರು. ಮಾಸ್ಕ್ ಹಾಕಿ ಆಡ್ಸಿ ಅಂತ ಕೆಲವರು ಹೇಳಿದ್ರು, ಆದ್ರೆ ಜೋರು ವ್ಯಾಯಾಮ ಮಾಡೋವಾಗ ಮಾಸ್ಕ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿತ್ತು, ಬೆವರಿಗೆ ಒದ್ದೆಯಾದ ಬಟ್ಟೆಲಿ ಉಸಿರಾಡೋದೂ ಕಷ್ಟ.

ಹಂಗಾಗಿ ಮೊದಲನೇ ಕೆಲ್ಸ, ಹಾಲಲ್ಲಿ ಹಾಸಿದ್ದ ಮ್ಯಾಟ್ ಸುತ್ತಿಟ್ಟು ಟಾಗೋರ್ ಬೀಚಿನ ಮರಳಿಗೆ ಬಂದೆ. ಸಂಜೆ ಹೊತ್ತು ಕಡಲ ಗಾಳಿ ಬೀಸ್ತಾನೇ ಇರ್ತದೆ, ಮುಚ್ಚಿದ ಹಾಲಿಗೆ ಹೋಲಿಸಿದ್ರೆ ಅದೇ ದೊಡ್ಡ ಔಷಧ. ಹದಿನೈದು ಜನರನ್ನ ಐದೈದರ ಮೂರು ಗುಂಪು ಮಾಡ್ದೆ, ಒಂದು ಗುಂಪಿನವರು ಇನ್ನೊಂದು ಗುಂಪಿನವರನ್ನ ಮುಟ್ಟೋ ಹಾಗಿಲ್ಲ. ವಾರದಲ್ಲಿ ನಾಲ್ಕು ದಿನ ಬರೀ ಓಟ, ಫುಟ್‌ವರ್ಕ್, ಕಾಲು ಚಾಚಿ ಬೆರಳಿಂದ ಮುಟ್ಟೋ ಟೋ ಟಚ್, ಎದುರಿಗೆ ಯಾರೂ ಇಲ್ದೆ ರೈಡ್ ಮಾಡೋದು. ಎರಡು ದಿನ ಮಾತ್ರ ಹಿಡಿಯೋದು, ಅದೂ ಅದೇ ಗುಂಪಿನೊಳಗೆ. ರೈಡರಿಗೆ ಕಬಡ್ಡಿ ಅನ್ನೋದನ್ನ ಪಿಸುದನಿಲಿ ಹೇಳೋಕೆ ಕಲಿಸ್ದೆ, ನಾನೂ ಸೀಟಿ ಬಿಟ್ಟು ಚಪ್ಪಾಳೆ ತಟ್ಟೋಕೆ ಶುರು ಮಾಡ್ದೆ. ಕೊಡಪಾನಕ್ಕೆ ಒಂದೇ ಲೋಟ ಮುಳುಗ್ಸಿ ಎಲ್ರೂ ಕುಡಿಯೋ ನಮ್ಮ ಹಳೇ ಪದ್ಧತಿ ನಿಂತೋಯ್ತು, ಎಲ್ರದ್ದೂ ಹೆಸರು ಬರ್ದ ಬಾಟ್ಲಿ.

ಗೇಟಲ್ಲಿ ಹಣೆಗೆ ಹಿಡಿಯೋ ಆ ಟೆಂಪರೇಚರ್ ಗನ್ ಮೇಲೆ ನಾನು ತುಂಬಾ ಭರವಸೆ ಇಟ್ಟಿದ್ದೆ. ಇಡಬಾರ್ದಿತ್ತು.

ಫೆಬ್ರವರಿಲಿ ಅಂಕೋಲಾಕ್ಕೆ ಒಂದು ಫ್ರೆಂಡ್ಲಿ ಮ್ಯಾಚಿಗೆ ಹೋದ್ವಿ. ಅದಕ್ಕೆ ಒಂದು ವಾರ ಮೊದ್ಲು ನಾನು ಹುಡುಗರನ್ನ ಮರಳಲ್ಲಿ ಕೂರಿಸ್ಕೊಂಡು, ಒಂದು ದಿನ ತಪ್ಪಿಸಿದ್ರೂ ಆ ಜಾಗಕ್ಕೆ ಬೇರೆಯವರು ಬರ್ತಾರೆ ಅಂತ ಹೇಳಿದ್ದೆ. ಆಟಗಾರರನ್ನ ಹುರಿದುಂಬಿಸೋಕೆ ಎಲ್ಲಾ ಕೋಚುಗಳೂ ಆಡೋ ಮಾತೇ, ಆದ್ರೆ ಆ ವರ್ಷಕ್ಕೆ ಅದು ವಿಷದ ಮಾತು. ನಮ್ಮ ಮೇನ್ ರೈಡರಿಗೆ ಹಿಂದಿನ ರಾತ್ರಿನೇ ಮೈಕೈ ನೋವು, ಜ್ವರ. ಬೆಳಿಗ್ಗೆ ಜ್ವರದ ಮಾತ್ರೆ ನುಂಗಿ ಬಂದ, ಗನ್ನು ನಾರ್ಮಲ್ ತೋರಿಸ್ತು, ಆಡ್ದ, ಗೆದ್ವಿ. ವಾಪಸ್ ಬರೋವಾಗ ಟೆಂಪೋ ಒಳಗೆ ಹೆದ್ದಾರಿ ಅಗಲ ಮಾಡೋ ಕೆಲಸದ ಧೂಳು ಬರ್ತದೆ ಅಂತ ಕಿಟಕಿ ಎಲ್ಲಾ ಹಾಕ್ಕೊಂಡು, ಗೆದ್ದ ಖುಷಿಲಿ ಮುಕ್ಕಾಲು ಗಂಟೆ ಹಾಡು, ಕೂಗು, ಯಾರ ಮುಖದ ಮೇಲೂ ಮಾಸ್ಕ್ ಇಲ್ಲ, ಮುಂದಿನ ಸೀಟಲ್ಲಿ ಕೂತಿದ್ದ ನಾನೂ ನಗ್ತಾ ಕೇಳಿಸ್ಕೋತಿದ್ದೆ.

ಮೂರನೇ ದಿನ ಅವನ ವಾಸನೆ ಹೋಯ್ತು. ಟೆಸ್ಟ್ ಮಾಡಿಸಿದ್ರೆ ಪಾಸಿಟಿವ್. ಮುಂದಿನ ಒಂದು ವಾರದಲ್ಲಿ ಇನ್ನೂ ನಾಲ್ಕು ಜನ. ನಾನು ನೋಟ್‌ಬುಕ್ ತೆಗೆದು ಯಾರು ಯಾರ ಜೊತೆ ಇದ್ರು ಅಂತ ಬರ್ದು ನೋಡ್ದೆ, ನಾಲ್ವರಲ್ಲಿ ಮೂವರು ಟೆಂಪೋದಲ್ಲಿ ಅವನ ಅಕ್ಕಪಕ್ಕ, ಹಿಂದಿನ ಸೀಟಲ್ಲಿ ಕೂತವರು. ಕೋರ್ಟಲ್ಲಿ ಅವನನ್ನ ಹಿಡಿದು ಕೆಡವಿದ ಅಂಕೋಲಾ ಹುಡುಗರಲ್ಲಿ ಯಾರಿಗೂ ಜ್ವರ ಬರಲಿಲ್ಲ ಅಂತ ಅವರ ಕೋಚ್ ಹೇಳಿದ್ರು. ಇಷ್ಟರಿಂದ ಏನೂ ಸಾಬೀತಾಗಲ್ಲ, ನಂಗೆ ಗೊತ್ತು, ಆದ್ರೆ ಕೋರ್ಟಿನ ಬಗ್ಗೆ ಅಷ್ಟೆಲ್ಲಾ ಯೋಚ್ನೆ ಮಾಡಿದ ನಾನು ಟೆಂಪೋ ಬಗ್ಗೆ ಒಂದು ನಿಮಿಷನೂ ಯೋಚ್ನೆ ಮಾಡಿರಲಿಲ್ಲ.

ಆ ನಾಲ್ವರಲ್ಲಿ ಒಬ್ಬನ ಮನೆಲಿ ಅಜ್ಜಿಗೆ ಬಂತು. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಕ್ರಿಮ್ಸ್‌ನಲ್ಲಿ ಆಕ್ಸಿಜನ್ ಹಾಕಿ ಮಲಗಿಸಿದ್ರು, ಹನ್ನೊಂದು ದಿನ. ಅಜ್ಜಿ ಮನೆಗೆ ವಾಪಸ್ ಬಂದ್ಮೇಲೆ ನಾನು ಮಾಜಾಳಿಗೆ ಹೋಗಿ ಅಂಗಳದಲ್ಲೇ ನಿಂತು ಮಾತಾಡ್ಸಿದೆ. ಹುಡುಗನ ಆಯಿ, ಅಂದ್ರೆ ಅಮ್ಮ, ಬೈತಾರೆ ಅಂದ್ಕೊಂಡಿದ್ದೆ. ಅವರು ಚಾವಡಿ ಕಂಬಕ್ಕೆ ಒರಗಿ, "ಮಾಸ್ತರ್ರೇ, ಆಟ ಬಿಡ್ಸಿ ಅಂತ ನಾ ಹೇಳೂದಿಲ್ಲ. ಆದ್ರೆ ಟೀಮಲ್ಲಿ ಒಬ್ಬಂಗೆ ಜ್ವರ ಅಂತ ಅವತ್ತೇ ನಮಗೂ ಒಂದು ಫೋನು ಮಾಡಿದ್ರೆ ಅತ್ತೇನ ತಂಗಿ ಮನೆಗೆ ಕಳಿಸ್ತಿದ್ದೆ" ಅಂದ್ರು. ನಂಗೆ ಮಾತೇ ಬರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡಿದ್ದೆ, ಮನೆಲಿ ವಯಸ್ಸಾದವರು ಇದಾರಾ ಅಂತ ಒಂದು ಮಾತು ಕೇಳಿರಲಿಲ್ಲ.

ಆಮೇಲೆ ಏಪ್ರಿಲ್ 27ರಿಂದ ಕರ್ಫ್ಯೂ, ಎರಡನೇ ಅಲೆ, ಆ ದಿನಗಳ ಬಗ್ಗೆ ಬರೆಯೋಕೆ ನಂಗೆ ಮನಸ್ಸಿಲ್ಲ.

ಜುಲೈ 26ಕ್ಕೆ ಮತ್ತೆ ಕಾಲೇಜು ತೆಗೀತು, ಈ ಸಲ ಕನಿಷ್ಠ ಒಂದು ಡೋಸ್ ಲಸಿಕೆ ಆದವರಿಗೆ. ಮೊದಲ ದಿನನೇ ಎಲ್ರನ್ನೂ ಕರೆದು ಒಂದು ಕಾಗದ ಓದಿದೆ, ನನ್ನ ಕೈಯಾರೆ ಬರ್ದು ಸಹಿ ಹಾಕಿದ್ದು: ಯಾರಾದ್ರೂ ಹುಷಾರಿಲ್ಲ ಅಂತ ಹೇಳಿ ಮನೆಲಿ ಉಳಿದ್ರೆ, ಆ ದಿನ ಟೀಮಲ್ಲಿ ಅವರಿಗೆ ಯಾವ ಜಾಗ ಇತ್ತೋ ವಾಪಸ್ ಬಂದಾಗ ಅದೇ ಜಾಗ, ಅವರ ಬದಲಿಗೆ ಆಡಿದವರು ಎಷ್ಟೇ ಚೆನ್ನಾಗಿ ಆಡಿದ್ರೂ ಸರಿ. ಬದಲಿ ಆಟಗಾರರು ಮುಖ ಸಣ್ಣ ಮಾಡಿದ್ರು, ಅವರಿಗೆ ಅನ್ಯಾಯ ಅನ್ನಿಸಿದ್ದು ಸಹಜ, ಅವರ ಜೊತೆ ಬೇರೆ ಕೂತು ಮಾತಾಡ್ದೆ. ಆದ್ರೆ ನಾನು ಮಾಡಿದ ಎಲ್ಲಾ ಕೆಲ್ಸದಲ್ಲಿ ಹೆಚ್ಚು ಫಲ ಕೊಟ್ಟಿದ್ದು ಈ ಒಂದು ಕಾಗದ ಅಂತ ನಾನು ಖಂಡಿತವಾಗಿ ಹೇಳ್ತೀನಿ. ಮಕ್ಕಳು ಬಾಯಿ ಬಿಟ್ಟು ಹೇಳ್ದೆ ಇದ್ರೆ ಯಾವ ಗನ್ನೂ ಯಾವ ರಿಪೋರ್ಟೂ ಹಿಡಿಯಲ್ಲ. ಜ್ವರ ಬರೋಕೆ ಎರಡು ದಿನ ಮೊದ್ಲೇ ಅದು ಹರಡ್ತದೆ ಅಂತಾರೆ, ಹಾಗಿರೋವಾಗ ಗಂಟಲು ಕೆರೀತಿದೆ ಅನ್ನೋ ಹೊತ್ತಿಗೇ ನಮಗೆ ಗೊತ್ತಾಗ್ಬೇಕು.

ಜೊತೆಗೆ ಮನೆಗಳ ಫೋನ್ ನಂಬರಿನ ಒಂದು ಪಟ್ಟಿ, ಯಾರ ಮನೆಲಿ ಅಜ್ಜ ಅಜ್ಜಿ, ಸಕ್ಕರೆ ಕಾಯಿಲೆಯವರು ಅಂತ ಪಕ್ಕದಲ್ಲಿ ಗುರ್ತು. ಒಬ್ಬರಿಗೆ ಜ್ವರ ಅಂದ್ರೆ ಒಂದು ಗಂಟೆಯೊಳಗೆ ಎಲ್ರ ಮನೆಗೂ ಫೋನು. ಟೆಂಪೋಗೆ ಕಿಟಕಿ ತೆಗೆದೇ ಇರ್ಬೇಕು, ಧೂಳು ಬಂದ್ರೂ ಮಳೆ ಬಂದ್ರೂ, ಮಾಸ್ಕು ಅಲ್ಲಿ ಕಡ್ಡಾಯ, ಹಾಡು ಇಳಿದ್ಮೇಲೆ.

ಇನ್ನೊಂದು ನೋಟ್‌ಬುಕ್ ಇಟ್ಟೆ, ನಾಡಿಯದ್ದು. ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಮೊದ್ಲು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ ಗ್ರೂಪಿಗೆ ಹಾಕ್ಬೇಕು. ಎರಡು ವಾರದಲ್ಲಿ ಯಾರ ನಾಡಿ ಎಷ್ಟು ಅಂತ ನಂಗೆ ಬಾಯಿಪಾಠ ಆಯ್ತು. ದಿನಾ 60, 64 ಇರೋರು ಒಂದು ದಿನ 80 ಅಂತ ಹಾಕಿದ್ರೆ ನಾನೇ ಫೋನ್ ಮಾಡ್ತಿದ್ದೆ. ನಿದ್ದೆ ಕೆಟ್ಟಿರ್ಬಹುದು, ಹಿಂದಿನ ದಿನ ಜಾಸ್ತಿ ಓಡಿಸಿರ್ಬಹುದು, ಆದ್ರೂ ಕೇಳೋಕೆ ಒಂದು ನೆಪ ಸಿಕ್ತದೆ.

ಗುಣ ಆದ್ಮೇಲೆ ಯಾವಾಗ ಆಡಿಸೋದು ಅನ್ನೋದೇ ನಂಗೆ ಅತಿ ಹೆದರಿಕೆಯ ವಿಷಯ ಆಗಿತ್ತು, ಯಾಕಂದ್ರೆ ಆ ಮೊದಲ ರೈಡರ್ ಹುಡುಗ ಹದಿನಾಲ್ಕನೇ ದಿನಕ್ಕೇ ಬಂದು ನಾಲ್ಕು ಸ್ಪ್ರಿಂಟ್ ಹೊಡೆದು ಎದೆ ಹಿಡ್ಕೊಂಡು ಮರಳಲ್ಲಿ ಕೂತ್ಬಿಟ್ಟಿದ್ದ. ಹೃದಯದ ಇಸಿಜಿ, ಎಕೋ ಎಲ್ಲಾ ಆಯ್ತು, ದೇವರ ದಯೆ, ಏನೂ ಇರಲಿಲ್ಲ. ಅವತ್ತಿಂದ ನಾನು ಇದ್ರ ಬಗ್ಗೆ ಓದೋಕೆ ಶುರು ಮಾಡ್ದೆ. ಅಮೆರಿಕಾದಲ್ಲಿ ಬಿಗ್ ಟೆನ್ ಅಂತ ದೊಡ್ಡ ಯೂನಿವರ್ಸಿಟಿಗಳ ಒಂದು ಕೂಟ ಇದೆ, ಅವರು 2020ರ ಆಗಸ್ಟಲ್ಲಿ ಆಟ ಮುಂದೂಡಿ, ಸೆಪ್ಟೆಂಬರಲ್ಲಿ ಮತ್ತೆ ಆಡ್ತೀವಿ ಅಂದಾಗ ದಿನಾ ಆಂಟಿಜನ್ ಟೆಸ್ಟು, ಪಾಸಿಟಿವ್ ಆದವರಿಗೆ ಹೃದಯದ ತಪಾಸಣೆ, 21 ದಿನ ಆಗೋ ತನಕ ಮ್ಯಾಚ್ ಇಲ್ಲ ಅಂತ ನಿಯಮ ಮಾಡಿದ್ರು. ಅದೇ ಸೆಪ್ಟೆಂಬರಲ್ಲಿ ಅದೇ ಕೂಟದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯ ಡಾಕ್ಟರುಗಳು ಕೋವಿಡ್ ಬಂದುಹೋದ 26 ಆಟಗಾರರ ಹೃದಯದ ಎಂಆರ್‌ಐ ಮಾಡಿ ನೋಡಿದ್ರೆ 4 ಜನಕ್ಕೆ ಹೃದಯದ ಸ್ನಾಯುವಿನ ಉರಿಯೂತದ ಲಕ್ಷಣ. ಅದನ್ನ ಓದಿ ನಂಗೆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವರ್ಷ ಅದೇ ಕೂಟದ ಕೋವಿಡ್ ಬಂದುಹೋದ 1597 ಆಟಗಾರರನ್ನ ನೋಡಿದಾಗ 37 ಜನಕ್ಕೆ ಕಂಡಿತು, ಅಂದ್ರೆ ನೂರಕ್ಕೆ 2.3, ಅವರಲ್ಲೂ ಹೆಚ್ಚಿನವರಿಗೆ ಹೊರಗೆ ಹೃದಯದ ಯಾವ ಲಕ್ಷಣವೂ ಇರಲಿಲ್ಲ. ಸ್ವಲ್ಪ ಸಮಾಧಾನ ಆಯ್ತು, ಆದ್ರೆ ಆ 37ರಲ್ಲಿ ನಮ್ಮ ಹುಡುಗ ಇರಲ್ಲ ಅಂತ ಯಾರು ಹೇಳ್ತಾರೆ?

ನಮಗೆ ಎಂಆರ್‌ಐ ಎಲ್ಲಿಂದ ಬರ್ಬೇಕು. ಇಂಗ್ಲೆಂಡಿನ ಸ್ಪೋರ್ಟ್ಸ್ ಡಾಕ್ಟರುಗಳು ಮಾಡಿದ ಒಂದು ಚಾರ್ಟ್ ನಮ್ಮಂಥವರಿಗೆ ಹೊಂದ್ತಿತ್ತು, ಅದನ್ನೇ ಹಿಡಿದೆ. ಕನಿಷ್ಠ 10 ದಿನ ವಿಶ್ರಾಂತಿ, ಅದರಲ್ಲಿ ಕೊನೇ 7 ದಿನ ಯಾವ ಲಕ್ಷಣವೂ ಇರಬಾರ್ದು. ಆಮೇಲೆ ಸಮತಟ್ಟು ನೆಲದಲ್ಲಿ 500 ಮೀಟರ್ ಏದುಸಿರು ಬರ್ದೆ ನಡೀಬೇಕು, ಅದಾದ್ರೆ ಹದಿನೈದು ನಿಮಿಷದ ಹಗುರ ಓಟ, ಹಾಗೇ ಅರ್ಧ ಗಂಟೆ, ಮುಕ್ಕಾಲು ಗಂಟೆ, ಒಂದು ಗಂಟೆ, 17 ದಿನಕ್ಕೆ ಮೊದ್ಲು ಪೂರ್ತಿ ಆಟ ಇಲ್ಲ. ಎದೆ ನೋವು, ಎದೆ ಬಡಿತ, ತಲೆ ಸುತ್ತು ಒಂದು ಕಂಡ್ರೂ ಅಲ್ಲೇ ನಿಲ್ಸಿ ಡಾಕ್ಟರ ಹತ್ರ, ಇಸಿಜಿ ಆಗ್ದೆ ವಾಪಸ್ ಇಲ್ಲ. 500 ಮೀಟರ್ ಬೀಚ್ ಪಕ್ಕದ ರಸ್ತೆಲಿ ಟೇಪ್ ಹಿಡಿದು ಅಳೆದು ಎರಡು ಗಾಳಿಮರಕ್ಕೆ ಸುಣ್ಣ ಬಳಿದಿದ್ದೆ.

2022ರ ಜನವರಿ, ಓಮಿಕ್ರಾನ್ ಬಂದ ಹೊತ್ತು. ಬೆಳಿಗ್ಗೆ ಐದೂವರೆಗೆ ನಮ್ಮ ಹುಡುಗಿಯರ ಟೀಮಿನಲ್ಲಿ ಎಡ ಮೂಲೆಲಿ ನಿಂತು ರೈಡರನ್ನ ಹಿಡಿಯೋ, ಅಂದ್ರೆ ಲೆಫ್ಟ್ ಕಾರ್ನರ್ ಆಡೋ ಹುಡುಗಿಯ ಮೆಸೇಜು: "ಸರ್ ನಾಡಿ 84. ಗಂಟಲು ಕೆರೀತಿದೆ. ಇವತ್ತು ಬರಲ್ಲ. ಕಾಗದದ ಮಾತು ನೆನಪಿದೆ ಅಲ್ವಾ ಸರ್." ಅವಳದ್ದು ದಿನಾ 64 ಇರ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಜ್ವರ, ಮರುದಿನ ಪಾಸಿಟಿವ್. ಅಷ್ಟರಲ್ಲಿ ಹದಿನಾಲ್ಕು ಮನೆಗೆ ಫೋನ್ ಹೋಗಿತ್ತು, ಅವಳ ಗುಂಪಿನ ನಾಲ್ವರು ಮನೆಲಿ ಉಳಿದ್ರು, ಅವರಲ್ಲಿ ಒಬ್ಬಳಿಗೆ ಮಾತ್ರ ಬಂತು. ಸರ್ಕಾರದ ಹೊಸ ನಿಯಮದ ಪ್ರಕಾರ ಹೋಮ್ ಐಸೋಲೇಶನ್ 7 ದಿನಕ್ಕೇ ಮುಗೀತು, ಎಂಟನೇ ದಿನ ಅವಳ ಅಪ್ಪನೇ ಫೋನ್ ಮಾಡಿ "ಮಾಸ್ತರ್ರೇ, ಕಳಿಸ್ಲಾ?" ಅಂದ್ರು. ಮನೆ ಬಿಟ್ಟು ಹೊರಗೆ ಬರೋಕೆ ಆ ಲೆಕ್ಕ ಸಾಕು, ರೈಡರನ್ನ ಕಾಲು ಹಿಡಿದು ಎಳಿಯೋಕೆ ಸಾಲ್ದು ಅಂತ ಬಿಡಿಸಿ ಹೇಳ್ದೆ.

ಹನ್ನೆರಡನೇ ದಿನ ಆ ಎರಡು ಸುಣ್ಣದ ಗುರುತಿನ ನಡುವೆ ಅವಳು ನಡೆದ್ಲು, ನಾನು ಪಕ್ಕದಲ್ಲಿ ಸ್ವಲ್ಪ ದೂರ ಬಿಟ್ಟು ನಡೀತಾ ಏನೇನೋ ಮಾತಾಡಿಸ್ತಿದ್ದೆ, ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡ್ತಾಳಾ ಅಂತ ನೋಡೋಕೆ. ಕೊಟ್ಲು. ಹತ್ತೊಂಬತ್ತನೇ ದಿನ ಕೋರ್ಟಿಗೆ ಇಳಿದ್ಲು. ಅಷ್ಟು ದಿನ ಲೆಫ್ಟ್ ಕಾರ್ನರಲ್ಲಿ ಚೆನ್ನಾಗಿ ಆಡಿದ್ದ ಜೂನಿಯರ್ ಹುಡುಗಿ ತಾನೇ ಎರಡು ಹೆಜ್ಜೆ ಸರಿದು, "ಬಾ ಅಕ್ಕ, ಇದು ನಿಂದು" ಅಂದ್ಲು.